ದೇವರ ಮೇಲೆ ಕೇಸು ಹಾಕಿದವನ ಸಿನಿಮಾ: ಮನೆಮಂದಿಯೆಲ್ಲ ಕೂತು ನೋಡಬಹುದೇ?

ದೇವರು, ಪೂಜೆ, ಸ್ವಾಮಿಗಳು ಎಂದೆಲ್ಲ ಗೇಲಿ ಮಾಡುವ ಸಿನಿಮಾ ಟೀವಿಯಲ್ಲಿ ಬಂದರೆ ನೀವೇನು ಮಾಡುತ್ತೀರಿ, ಹೇಳಿ? ತಟ್ಟನೆ ಚಾನೆಲ್ ಬದಲಿಸುತ್ತೀರಾ? ಇಲ್ಲಾ, ‘ಸಿನಿಮಾ ತಾನೇ, ಹೋಗ್ಲಿ ಬಿಡು’ ಎಂದು ಒಗ್ಗರಣೆ ಹಾಕಲು ಒಳಗೆ ಎದ್ದು ಹೋಗುತ್ತೀರಾ? ಎರಡೂ ಸುಲಭದ ದಾರಿಗಳೇ. ಆದರೆ ಒಂದೇ ಚಾಪೆಯ ಮೇಲೆ ಎಪ್ಪತ್ತು ದಾಟಿದ ಅತ್ತೆ, ಹೈಸ್ಕೂಲಿನ ಮಗ, ಮೂರನೇ ಕ್ಲಾಸಿನ ಮಗಳು ಎಲ್ಲರೂ ಕೂತಿರುವ ನಮ್ಮಂಥವರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಮನೆಯೊಡತಿ. ಅದಕ್ಕೇ ಸೋದರಿಯರೇ, ನನಗೆ ತೋಚಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಹೇಳಹೊರಟಿರುವುದು 2016ರಲ್ಲಿ ತೆರೆಕಂಡ ‘ಮುಕುಂದ ಮುರಾರಿ’ ಚಿತ್ರದ ವಿಚಾರ. ನಂದಕಿಶೋರ್ ಅವರ ನಿರ್ದೇಶನ. ಮುಕುಂದನಾಗಿ ಉಪೇಂದ್ರ, ಮುರಾರಿಯಾಗಿ ಸುದೀಪ್. ಕಥೆ ಮೂಲತಃ ಕನ್ನಡದ್ದಲ್ಲ. ಗುಜರಾತಿಯಲ್ಲಿ ‘ಕಾಂಜಿ ವಿರುದ್ಧ್ ಕಾಂಜಿ’ ಎಂಬ ನಾಟಕವಾಗಿದ್ದದ್ದು 2012ರಲ್ಲಿ ‘ಓ ಮೈ ಗಾಡ್’ ಎಂದು ಹಿಂದಿ ಸಿನಿಮಾ ಆಯಿತು, 2015ರಲ್ಲಿ ‘ಗೋಪಾಲ ಗೋಪಾಲ’ ಎಂದು ತೆಲುಗಿಗೆ ಹೋಯಿತು, ಆಮೇಲೆ ನಮ್ಮಲ್ಲಿಗೆ ಬಂತು.

ಮುಕುಂದ ದೇವರ ವಿಗ್ರಹ ಮಾರುವ ಅಂಗಡಿಯವನು. ಆದರೆ ದೇವರನ್ನು ನಂಬುವವನಲ್ಲ. ಭೂಕಂಪದಲ್ಲಿ ಅವನ ಅಂಗಡಿ ಕುಸಿಯುತ್ತದೆ. ವಿಮೆಯವರು ‘ಇದು ದೇವರ ಕೆಲಸ, ನಾವು ದುಡ್ಡು ಕೊಡೋಲ್ಲ’ ಎನ್ನುತ್ತಾರೆ. ‘ಹಾಗಾದ್ರೆ ದೇವರೇ ಕೊಡಲಿ’ ಎಂದು ಅವನು ಕೋರ್ಟಿಗೆ ಹೋಗುತ್ತಾನೆ. ದೇವರ ಪರವಾಗಿ ನಾವಿದ್ದೇವೆ ಎನ್ನುವವರೆಲ್ಲ ಕಟಕಟೆಗೆ ಬರಬೇಕಾಗುತ್ತದೆ. ಸ್ವಾರಸ್ಯವೇನೆಂದರೆ, ಅವನ ನೆರವಿಗೆ ಬರುವವನು ಸಾಕ್ಷಾತ್ ಕೃಷ್ಣನೇ!

ನಮ್ಮ ಮನೆಯಲ್ಲಿ ಇದು ಟೀವಿಯಲ್ಲಿ ಬಂದ ಭಾನುವಾರ, ‘ಆರಿಸು ಅದನ್ನ’ ಎಂದರು ನಮ್ಮ ಮನೆಯವರು. ‘ಇರ್ಲಿ ಬಿಡಪ್ಪಾ, ಕೃಷ್ಣ ಬತ್ತಾನಂತೆ, ನೋಡಾನ’ ಎಂದರು ಅತ್ತೆ. ತಾಯಿಯ ಮಾತಿಗೆ ಮಗ ಸುಮ್ಮನಾದರು. ಸ್ವಾಮಿಗಳ ಪಾಡು ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕವರೂ ಅತ್ತೆಯೇ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು, ಜಾಹೀರಾತು ಬಂದಾಗ ಮೆಲ್ಲಗೆ ಹೇಳಿದರು: ‘ನನ್ನ ಕೆಂಪಿನ ಓಲೆ ಕೆರೆ ಏರಿ ಮೇಲೆ ಕಳೆದುಹೋಗ್ಲಿಲ್ಲ ಕಣಮ್ಮಾ. ನಿಮ್ಮ ಮಾವ ಹಾಸಿಗೆ ಹಿಡಿದಾಗ ದೋಷ ತೆಗೀತೀನಿ ಅಂತ ಒಬ್ಬ ಬಂದಿದ್ದ. ಅವನಿಗೆ ಬಿಚ್ಚಿಕೊಟ್ಟೆ.’

ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಓಲೆ ಕೆರೆ ಏರಿಯ ಮೇಲೇ ಬಿದ್ದುಹೋಗಿತ್ತು! ಮಾವನವರು ಉಳಿಯಲಿಲ್ಲ, ಓಲೆಯೂ ಹಿಂದಕ್ಕೆ ಬರಲಿಲ್ಲ. ‘ಬಾಯಿ ಬಿಟ್ರೆ ದೇವರು ಮುನೀತಾನೆ ಅಂದಿದ್ದ’ ಎಂದರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರತಂದದ್ದು ಒಂದು ನಗೆ. ನಮ್ಮ ಮನೆಯವರು ಆಮೇಲೆ ಟೀವಿ ಆರಿಸೆನ್ನಲಿಲ್ಲ.

ಆದರೆ ಅದೇ ಸಿನಿಮಾ ಇನ್ನೊಂದನ್ನೂ ಮಾಡಿತು, ಕೇಳಿ. ಕಲ್ಲಿಗೆ ಸುರಿದ ಹಾಲು ಚರಂಡಿ ಪಾಲು ಎಂಬ ವಾದ ಈ ಕಥೆಯ ಹಿಂದೆಯೇ ಇದೆ. ನನ್ನ ಮಗ ರಾತ್ರಿ ಊಟಕ್ಕೆ ಕೂತು, ‘ಅಜ್ಜಿ, ಪ್ರತಿ ಸೋಮವಾರ ನೀನು ಈಶ್ವರನ ಗುಡಿಗೆ ಒಯ್ಯೋ ಹಾಲೂ ಚರಂಡೀಗೇ ತಾನೇ?’ ಎಂದುಬಿಟ್ಟ. ಅತ್ತೆಯ ಮುಖ ಬಾಡಿತು. ಕೈತೊಳೆದು ಎದ್ದರು. ಹಸು ಕಟ್ಟಿ, ಹಾಲು ಮಾರಿ ಮಕ್ಕಳನ್ನು ಓದಿಸಿದವರು ಅವರು. ಕರೆದ ಹಾಲಿನಲ್ಲಿ ಒಂದು ಲೋಟ ‘ಅವನ ಪಾಲು’ ಎಂದು ಎತ್ತಿಟ್ಟುಕೊಂಡು ಬಂದವರು.

ಮುಂದಿನ ಸೋಮವಾರ ಮೊಮ್ಮಗನನ್ನು ಅವರೇ ಕರೆದರು. ‘ಬಾ, ನೋಡ್ಬಾ.’ ಅವನು ಹೋಗಿ ನೋಡಿ ಬಂದ. ಹಾಲಿಗೆ ಪಾತ್ರೆ ಹಿಡಿದು, ಪಂಚಾಮೃತ ಮಾಡಿ, ಬಂದವರ ಕೈಗೆಲ್ಲ ಹಾಕುತ್ತಾರೆ. ನೆಲಕ್ಕೆ ಹೋಗುವುದೂ ಸ್ವಲ್ಪ ಇದೆ, ಇಲ್ಲವೆನ್ನಲಾರೆ. ‘ಅಜ್ಜಿದು ಒಂದು ಲೋಟ ಕಣಮ್ಮ. ಸಿನಿಮಾದಲ್ಲಿ ಹೇಳೋದು ಅದರ ಬಗ್ಗೆ ಅಲ್ಲ ಅನ್ಸುತ್ತೆ’ ಎಂದ.

ನನಗೆ ಕಂಡ ಕೊರತೆಯೂ ಇದೇ. ದೇವರ ಹೆಸರಲ್ಲಿ ಕೋಟಿ ಕೂಡಿಡುವವರನ್ನೂ ಬಡವಳ ಒಂದು ಲೋಟವನ್ನೂ ಇಂಥ ಕಥೆಗಳು ಒಮ್ಮೊಮ್ಮೆ ಒಂದೇ ಪೊರಕೆಯಲ್ಲಿ ಗುಡಿಸಿಬಿಡುತ್ತವೆ. ಬೇರೆ ಮಾಡಿ ಹೇಳುವ ಕೆಲಸ ಪಕ್ಕದಲ್ಲಿ ಕೂತ ಹಿರಿಯರದು.

ಇನ್ನು ‘ನಮ್ಮ ಸಂಸ್ಕೃತಿಯಲ್ಲಿ ಇಂಥ ನಗೆಯೇ ಇರಲಿಲ್ಲ’ ಎನ್ನುವವರಿಗೆ ಒಂದು ಮಾತು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಮಾಡಿದವರು ಸಿನಿಮಾದವರಲ್ಲ, ನಮ್ಮ ಅಜ್ಜಿಯರೇ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ನಾಗರಪೂಜೆಯನ್ನು ಕುರಿತು ಕೇಳಿದ ಪ್ರಶ್ನೆ ನಿಮಗೆಲ್ಲ ಬಾಯಿಪಾಠ. ಹೊಟ್ಟೆಪಾಡಿಗಾಗಿ ವೈರಾಗ್ಯದ ವೇಷ ಹಾಕಿದವರನ್ನು ಪುರಂದರದಾಸರು ಬಿಟ್ಟವರೇ? ನಮ್ಮ ಬೇಲೂರಿಗೇ ಹೋಗಿ ನೋಡಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲೇ ಮದನಿಕೆಯ ಸೀರೆ ಜಗ್ಗುವ ಕೋತಿ ಇದೆ. ನಗೆಯನ್ನು ಗುಡಿಯಿಂದಾಚೆ ಇಡಬೇಕೆಂದು ಶಿಲ್ಪಿಗೂ ಅನ್ನಿಸಿರಲಿಲ್ಲ. 1980ರ ‘ನಾರದ ವಿಜಯ’ದಲ್ಲಿ ಅನಂತನಾಗ್ ನಾರದರಾಗಿ ಭೂಮಿಗಿಳಿದಾಗ ಮನೆಮಂದಿಯೆಲ್ಲ ನಕ್ಕಿದ್ದೆವಲ್ಲ!

ಹಾಗೆಂದು ಎಲ್ಲ ನಗೆಯೂ ಒಂದೇ ಅಲ್ಲ. ಇಂಥ ಚಿತ್ರ ಬಂದರೆ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮೊದಲನೆಯದು, ನಗೆ ಯಾರ ಮೇಲೆ? ಭಕ್ತಿಯನ್ನು ಮಾರಿಕೊಳ್ಳುವವನ ಮೇಲಾದರೆ ಧಾರಾಳವಾಗಿ ನಗಿ. ಕಷ್ಟ ಬಂದು ಕೈಮುಗಿದವಳ ಮೇಲಾದರೆ ಅದು ಹಾಸ್ಯವಲ್ಲ, ಹೀಯಾಳಿಕೆ.

ಎರಡನೆಯದು, ತಕ್ಕಡಿ ಒಂದೇ ಇದೆಯೇ? ಪಕ್ಕದ ಮನೆಯವರ ದೇವರನ್ನು ಮಾತ್ರ ಗೇಲಿ ಮಾಡಿ ನಮ್ಮನ್ನು ನಗಿಸುವ ಸಿನಿಮಾ ಮಕ್ಕಳ ಮನಸ್ಸಿಗೆ ವಿಷ. ‘ಓ ಮೈ ಗಾಡ್’ ಕಥೆಯಲ್ಲಿ ಎಲ್ಲ ಮತದವರಿಗೂ ಪ್ರಶ್ನೆ ಇದೆ. 2014ರ ಹಿಂದಿ ಚಿತ್ರ ‘ಪೀಕೆ’ಯೂ ದೇವರನ್ನು ಹುಡುಕುತ್ತ ಹಲವು ಮತದವರ ಬಾಗಿಲು ತಟ್ಟುತ್ತದೆ.

ಮೂರನೆಯದು, ನೋಡುವ ಮಗುವಿಗೆ ವಯಸ್ಸೆಷ್ಟು? ಚಿಕ್ಕವರಿಗೆ ವ್ಯಂಗ್ಯ ತಿಳಿಯದು. ತೆರೆಯ ಮೇಲೆ ಹೇಳಿದ್ದೆಲ್ಲ ನಿಜ ಎಂದುಕೊಳ್ಳುತ್ತಾರೆ. ಸರ್ಟಿಫಿಕೇಟನ್ನೂ ಒಮ್ಮೆ ನೋಡಿ. ‘ಯು’ ಎಂದರೆ ಎಲ್ಲರಿಗೂ, ‘ಎ’ ಎಂದರೆ 18 ತುಂಬಿದವರಿಗೆ. ನಡುವಿನ ‘ಯುಎ’ಯನ್ನು 2024ರ ನಿಯಮದಲ್ಲಿ 7, 13, 16 ವರ್ಷ ಎಂದು ಮೂರು ಭಾಗ ಮಾಡಿದ್ದಾರೆ. ಹೆಸರು ನೋಡಿಯೇ ಮಕ್ಕಳನ್ನು ಕೂರಿಸಬೇಡಿ. 2023ರಲ್ಲಿ ಬಂದ ‘ಓ ಮೈ ಗಾಡ್’ ಎರಡನೆಯ ಭಾಗಕ್ಕೆ ಸಿಕ್ಕಿದ್ದು ‘ಎ’! ಸರ್ಟಿಫಿಕೇಟು ವಯಸ್ಸನ್ನಷ್ಟೇ ಹೇಳುತ್ತದೆ. ನಮ್ಮ ಮನೆಯ ಅಜ್ಜಿಯ ಮನಸ್ಸನ್ನು ನಾವೇ ತಿಳಿದಿರಬೇಕು.

‘ಮುಕುಂದ ಮುರಾರಿ’ಯ ಬಗ್ಗೆ ನನ್ನ ತೀರ್ಪು ಇಷ್ಟು: ಹೈಸ್ಕೂಲಿನ ಮಕ್ಕಳೊಡನೆ ಹಿರಿಯರೂ ಕೂತು ನೋಡಬಹುದು, ನೋಡಬೇಕು ಕೂಡ. ತೀರ ಚಿಕ್ಕವರಿಗೆ ಇನ್ನೊಂದೆರಡು ವರ್ಷ ಹೋಗಲಿ. ಮಕ್ಕಳನ್ನು ಒಂಟಿಯಾಗಿ ಮೊಬೈಲಿನಲ್ಲಿ ನೋಡಲು ಬಿಡುವುದಂತೂ ಬೇಡ. ಪ್ರಶ್ನೆ ಹುಟ್ಟಿದಾಗ ಉತ್ತರ ಹೇಳುವವರು ಪಕ್ಕದಲ್ಲಿರಬೇಕು.

ತನ್ನ ಮೇಲೇ ಕೇಸು ಹಾಕಿದವನ ಕೈಹಿಡಿಯುವ ಕೃಷ್ಣ ಒಂದು ಸಿನಿಮಾಕ್ಕೆ ಮುನಿಸಿಕೊಳ್ಳುವಷ್ಟು ಸಣ್ಣವನಲ್ಲ. ನೋವಾಗುವುದು ಮನುಷ್ಯರಿಗೆ. ಅವರನ್ನು ನೋಡಿಕೊಂಡು ನಕ್ಕರಾಯಿತು. ನೀವೇನಂತೀರಿ?