ಒಂದು ಗಂಟೆಯ ಸಮುದ್ರ, ಎರಡು ಕಸ್ಟಮ್ಸ್, ಅಪ್ಪಯ್ಯನ ಕವಳದ ಸಂಚಿ

ಸಿಂಗಪುರದಲ್ಲಿರೋ ನಮ್ಮಂಥವರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಮೂರನೇ ವಾರಕ್ಕೆ ತೋರಿಸೋ ಜಾಗಗಳೆಲ್ಲ ಮುಗಿದುಹೋಗುತ್ತವೆ. ಮೃಗಾಲಯ, ಗಾರ್ಡನ್ಸ್ ಬೈ ದ ಬೇ, ಲಿಟ್ಲ್ ಇಂಡಿಯಾದ ದೇವಸ್ಥಾನ, ಮುಸ್ತಫಾ ಅಂಗಡಿ. ಆಮೇಲೆ ನೆನಪಾಗುವುದೇ ಬಾತಾಮ್. ಇಂಡೋನೇಷ್ಯಾಕ್ಕೆ ಸೇರಿದ ದ್ವೀಪ. ಹಾರ್ಬರ್‌ಫ್ರಂಟ್‌ನಲ್ಲಿ ಫೆರ್ರಿ ಹತ್ತಿದರೆ ಸುಮಾರು ಒಂದು ಗಂಟೆ. ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

"ಹಾಗಾದ್ರೆ ನಮ್ಮ ಸಿಗಂದೂರು ಲಾಂಚಿನ ಹಾಗೆ" ಅಂದರು ಅಪ್ಪಯ್ಯ. ನಮ್ಮದು ಸಾಗರದ ಕಡೆ. ಸೇತುವೆ ಆಗೋ ತನಕ ಶರಾವತಿ ಹಿನ್ನೀರನ್ನು ದಾಟಲು ನಮಗೆ ಲಾಂಚೇ ಗತಿ. ಹತ್ತಿದರೆ ಆಯಿತು, ಕೇಳೋರಿಲ್ಲ.

ಬಾತಾಮ್ ಹಾಗಲ್ಲ. ದೂರ ಕಡಿಮೆ ಅಂತ ಕಸ್ಟಮ್ಸ್‌ನವರು ರಿಯಾಯಿತಿ ಕೊಡೋದಿಲ್ಲ. ಒಂದೇ ದಿನದಲ್ಲಿ ಎರಡು ದೇಶಗಳ ಗಡಿಯನ್ನು ಎರಡು ಸಲ ದಾಟುತ್ತೀರಿ. ಆ ಕಡೆ ಇಳಿಯೋಕೆ ಮುಂಚೆ ಇಂಡೋನೇಷ್ಯಾದ ಫಾರಂ: ಆರೋಗ್ಯ ಹೇಗಿದೆ, ಬ್ಯಾಗಲ್ಲಿ ಏನಿದೆ. ವಾಪಸ್ ಬರೋಕೆ ಮುಂಚೆ ಸಿಂಗಪುರದ ಆಗಮನ ಕಾರ್ಡು, ಅದರಲ್ಲೂ ಆರೋಗ್ಯ ಘೋಷಣೆ. ಇಲ್ಲೇ ವಾಸವಾಗಿರೋ ನಾನೂ ಅದನ್ನು ತುಂಬಬೇಕು. ಬರುವ ದಿನವೂ ಸೇರಿ ಮೂರು ದಿನದೊಳಗೆ ತುಂಬಬಹುದಾದ್ದರಿಂದ ಹೊರಡುವ ಮುಂಚೆಯೇ ಮುಗಿಸಿಬಿಡಿ. ಫೆರ್ರಿಯ ನಡುವೆ ನೆಟ್‌ವರ್ಕ್ ನಂಬಬೇಡಿ.

"ಜ್ವರ ಇದೆಯಾ, ಕೆಮ್ಮು ಇದೆಯಾ ಅಂತೆಲ್ಲ ಕೇಳ್ತಾರಲ್ಲ, ಇದೆಂತ ಮಾರಾಯ್ತಿ, ಹೆಣ್ಣು ನೋಡೋಕೆ ಹೊರಟ ಹಾಗೆ!" ಅಂತ ಅಪ್ಪಯ್ಯ ನಕ್ಕರು. ನನಗೆ ನೆನಪಾಗಿದ್ದು 2020. ಕೋವಿಡ್ ಬಂದಾಗ ಇದೇ ದಾರಿ ಪ್ರವಾಸಿಗರಿಗೆ ಹತ್ತಿರ ಹತ್ತಿರ ಎರಡು ವರ್ಷ ಮುಚ್ಚಿತ್ತು. ಕಣ್ಣಿಗೆ ಕಾಣೋ ದ್ವೀಪಕ್ಕೆ ಹೋಗೋ ಹಾಗಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ನಮ್ಮನೆಯಲ್ಲಿ ನಡೆದದ್ದು ಬ್ಯಾಗಿನ ತಪಾಸಣೆ. ಅಮ್ಮ ಬಿಪಿ, ಶುಗರ್ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೆಸರಿಲ್ಲದ ಬಿಳಿ ಮಾತ್ರೆ ಯಾವುದು ಅಂತ ಗಡಿಯಲ್ಲಿ ಯಾರಿಗೆ ವಿವರಿಸೋದು? ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ ಇರಲಿ ಅಂದೆ. ಸಿಂಗಪುರಕ್ಕೆ ಸ್ವಂತ ಬಳಕೆಯ ಮಾಮೂಲಿ ಔಷಧಿಯನ್ನು ಮೂರು ತಿಂಗಳಿಗೆ ಆಗುವಷ್ಟು ತರಬಹುದು. ಆದರೆ ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಮಾತ್ರೆ, ತೀವ್ರ ನೋವಿನ ಮಾತ್ರೆ ಇವುಗಳಲ್ಲಿ ಕೆಲವಕ್ಕೆ ಮೊದಲೇ ಅನುಮತಿ ಬೇಕು. ಇಂಡೋನೇಷ್ಯಾದಲ್ಲೂ ಮಾದಕವಸ್ತು ಕಾನೂನು ಬಹಳ ಬಿಗಿ.

ಗಸಗಸೆ ವಿಷಯ ಕೇಳಿ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ನಮಗದು ಹಬ್ಬದ ಪಾಯಸ, ಸಿಂಗಪುರಕ್ಕೆ ಅಫೀಮು ಗಿಡದ ಬೀಜ. ಮಾರ್ಫಿನ್ ಅಂಶ ಇರಬಹುದು ಅಂತ ಇಲ್ಲಿಗೆ ತರೋ ಹಾಗಿಲ್ಲ. ವೇಪ್ 2018ರಿಂದ ಕಿಸೆಯಲ್ಲಿ ಇದ್ದರೂ ಅಪರಾಧ. ಡ್ಯೂಟಿ-ಫ್ರೀ ಬಾಟಲಿ ತರೋಣ ಅನ್ನೋ ಗೆಳೆಯರಿಗೂ ಒಂದು ಮಾತು: 48 ಗಂಟೆ ಹೊರಗಿದ್ದವರಿಗೆ ಮಾತ್ರ ಆ ಸೌಲಭ್ಯ, ಒಂದು ದಿನದ ಪ್ರವಾಸಕ್ಕೆ ಇಲ್ಲ. ಸಿಗರೇಟಿಗಂತೂ ಒಂದೇ ಒಂದಕ್ಕೂ ರಿಯಾಯಿತಿ ಇಲ್ಲ, ಹೇಳಿ ತೆರಿಗೆ ಕಟ್ಟಬೇಕು.

ಬಾತಾಮ್‌ನಲ್ಲಿ ನಮ್ಮ ದಿನ ಚೆನ್ನಾಗಿತ್ತು. ಅಲ್ಲಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ, ಹಾಗಾಗಿ ಬೆಳಗ್ಗೆ ಒಂದು ಗಂಟೆ ಬಿಟ್ಟಿ ಸಿಕ್ಕಿತು. ಮೈತ್ರೇಯ ಬುದ್ಧನ ದೊಡ್ಡ ವಿಹಾರದಲ್ಲಿ ಸಸ್ಯಾಹಾರಿ ಊಟ ಸಿಗುತ್ತೆ ಅನ್ನೋದೇ ಅಮ್ಮನಿಗೆ ಅರ್ಧ ಸಮಾಧಾನ. ಊಟ ಮುಗಿಸಿ ಬರುವಾಗ ಒಂದು ಮನೆಯ ಮುಂದಿನ ದಾಸವಾಳದ ಬಣ್ಣ ನೋಡಿ ನಿಂತುಬಿಟ್ಟರು. ಮಲೆನಾಡಿನ ಹೆಂಗಸರಿಗೆ ಇಂಥ ಕಡೆ ಕೈ ಸುಮ್ಮನಿರೋದಿಲ್ಲ, ಒಂದು ಕಡ್ಡಿ ಮುರಿದು ಸೆರಗಿಗೆ ಸೇರಿಸಿದರೇ ತೃಪ್ತಿ. "ಬೇಡ ಅಮ್ಮ, ಗಿಡಕ್ಕೂ ಆರೋಗ್ಯದ ಸರ್ಟಿಫಿಕೇಟ್ ಬೇಕು" ಅಂದೆ. ಅಪ್ಪಯ್ಯನಿಗೆ ಅದು ತಕ್ಷಣ ಅರ್ಥವಾಯಿತು. ಅಡಿಕೆಗೆ ಕೊಳೆ ಬಂದರೆ ಪಕ್ಕದ ತೋಟಕ್ಕೆ ಹಬ್ಬೋದು ಎಷ್ಟು ಹೊತ್ತು? 2022ರಲ್ಲಿ ಇಂಡೋನೇಷ್ಯಾದ ದನಗಳಿಗೆ ಕಾಲುಬಾಯಿ ರೋಗ ಮತ್ತೆ ಬಂದಿತ್ತು, ಮಾಂಸ ಮತ್ತು ಹಾಲಿನ ಮೇಲಿನ ನಿಯಮಗಳೂ ಇಂಥದ್ದಕ್ಕೇ ಅಂದಾಗ, "ಹೌದಾ? ಹಾಗಾದ್ರೆ ಕೇಳಲಿ ಬಿಡು" ಅಂದರು. ಬೆಳಗ್ಗೆ ಫಾರಂ ನೋಡಿ ನಕ್ಕವರೇ.

ಈಗ ಆ ಸಂಚಿಯ ವಿಷಯ. ಅಪ್ಪಯ್ಯ ನಲವತ್ತು ವರ್ಷದಿಂದ ಕವಳ ಹಾಕುತ್ತಾರೆ, ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಬರೋಕೆ ಮುಂಚೆ ಹಲ್ಲು ತೋರಿಸಲು ಹೋದಾಗ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ತಂಬಾಕು ಬಿಡಿ ಅಂತ ಡಾಕ್ಟರು ಹೇಳಿದ್ದರು. ನಾನೂ ಅಮ್ಮನೂ ಅದನ್ನೇ ಹತ್ತು ವರ್ಷದಿಂದ ಹೇಳುತ್ತಿದ್ದೇವೆ. ಅವರು ಕೇಳಿದ್ದು ನಮ್ಮ ಮಾತನ್ನಲ್ಲ. ಗುಟ್ಕಾ, ಖೈನಿ, ಜರ್ದಾದಂಥ ಜಗಿಯುವ ತಂಬಾಕಿಗೆ ಸಿಂಗಪುರದಲ್ಲಿ 2016ರಿಂದ ನಿಷೇಧ ಅಂತ ಗೊತ್ತಾದ ಮೇಲೆ ಹೊಗೆಸೊಪ್ಪನ್ನು ಊರಲ್ಲೇ ಬಿಟ್ಟು ಬಂದರು. ಮೊದಲ ವಾರ ತಲೆನೋವು, ಸಿಡಿಮಿಡಿ, ಮಧ್ಯರಾತ್ರಿ ಎದ್ದು ಬಾಲ್ಕನಿಯಲ್ಲಿ ಕೂರೋದು. ಬಾತಾಮ್‌ಗೆ ಹೋಗೋ ಹೊತ್ತಿಗೆ ಐದು ವಾರ ದಾಟಿತ್ತು.

ಅಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಬಿಡಿ ತಂಬಾಕಿನ ಪೊಟ್ಟಣಗಳಿದ್ದವು. ಅಪ್ಪಯ್ಯ ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಆ ಮುಖದಲ್ಲಿದ್ದ ಸುಖ ನನಗೆ ಗೊತ್ತು, ಚಿಕ್ಕಂದಿನಿಂದ ನೋಡಿದ್ದು. ಇಲ್ಲಿ ತಡೆಯೋರು ಯಾರೂ ಇಲ್ಲ. ಸಂಜೆಯ ಫೆರ್ರಿಗೆ ಇನ್ನೂ ನಾಲ್ಕು ಗಂಟೆ ಇತ್ತು. "ವಾಪಸ್ ತಗೊಂಡು ಹೋಗೋಕೆ ಬಿಡಲ್ಲ ಅಪ್ಪಯ್ಯ" ಅಂದೆ. ಅಷ್ಟೇ ಅಂದದ್ದು. ಮಚ್ಚೆಯ ಸುದ್ದಿ ಎತ್ತಲಿಲ್ಲ.

ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು ಪೊಟ್ಟಣವನ್ನು ವಾಪಸ್ ಇಟ್ಟರು. "ನಾಲ್ಕು ಗಂಟೆ ಸುಖಕ್ಕೆ ಮತ್ತೆ ಒಂದು ವಾರ ತಲೆನೋವು ಯಾರಿಗೆ ಬೇಕು" ಅಂದರು.

ನನಗೆ ಸರ್ಕಾರದ ಕಾನೂನೆಲ್ಲ ಒಳ್ಳೆಯದು ಅನ್ನಿಸಿಬಿಟ್ಟಿದೆ ಅಂತಲ್ಲ. ಒಂದು ದಿನದ ಪ್ರವಾಸಕ್ಕೆ ಇಷ್ಟು ಫಾರಂ, ಇಷ್ಟು ಸ್ಕ್ಯಾನಿಂಗ್, ವಯಸ್ಸಾದವರನ್ನು ಕರೆದುಕೊಂಡು ಎರಡು ಕ್ಯೂ, ಸುಸ್ತಾಗುತ್ತೆ. ಆದರೆ ಮನೆಯವರು ಹೇಳಿದರೆ ಅದು ಜಗಳ. ಗಡಿಯಲ್ಲಿ ಹೇಳಿದರೆ ಯಾರ ಮೇಲೆ ಕೋಪ ಮಾಡಿಕೊಳ್ಳೋದು? ಸೋತ ಹಾಗೂ ಆಗೋದಿಲ್ಲ. ಅಪ್ಪಯ್ಯನಂಥವರಿಗೆ ಅದೇ ಸುಲಭವಾಯಿತೇನೋ.

ಊರಿಗೆ ಹೋಗಿ ಎರಡು ತಿಂಗಳಾಯಿತು. ಅಮ್ಮ ಹೇಳೋ ಪ್ರಕಾರ ಕವಳ ಮತ್ತೆ ಶುರುವಾಗಿದೆ, ಹೊಗೆಸೊಪ್ಪು ಇಲ್ಲ. ಅಡಿಕೆಯೂ ಅಪಾಯವೇ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್‌ಕಾರಕ ಅಂತ ಹೇಳಿದೆ. ಆದರೆ ಅಡಿಕೆ ಬೆಳೆದು, ಆ ದುಡ್ಡಲ್ಲೇ ನನ್ನನ್ನು ಇಂಜಿನಿಯರಿಂಗ್ ಓದಿಸಿದವರಿಗೆ ಫೋನಿನಲ್ಲಿ ಇದನ್ನು ಹೇಳೋದು ಹೇಗೆ? ಮುಂದಿನ ತಿಂಗಳು ಮಚ್ಚೆ ತೋರಿಸಲು ಡಾಕ್ಟರ ಹತ್ತಿರ ಹೋಗಬೇಕು. ಆ ವಾರಕ್ಕೆ ರಜೆ ಹಾಕಿದ್ದೇನೆ, ಜೊತೆಗೆ ನಾನೂ ಹೋಗ್ತೀನಿ.