ಬಿಸಿನೀರಿನ ಊರಿಗೆ ಇಡ್ಲಿ ಹಿಟ್ಟು

ಫುಕುಓಕಾದ ನಮ್ಮ ಮನೆಗೆ ಬಂದ ಹತ್ತು ದಿನದಲ್ಲಿ ಅಮ್ಮನಿಗೆ ದೇವಸ್ಥಾನ, ಅಂಗಡಿ ಬೀದಿ, ಸಮುದ್ರ ಎಲ್ಲ ಮುಗಿದಿದ್ದವು. "ಇಲ್ಲಿ ನೆಲದೊಳಗಿಂದ ಬಿಸಿನೀರು ಬರ್ತದಂತಲ್ಲ, ಅದನ್ನೊಂದು ತೋರ್ಸು" ಅಂದಳು. ಕ್ಯೂಶೂ ದ್ವೀಪದಲ್ಲಿ ಕೂತವರಿಗೆ ಇದೇನು ದೊಡ್ಡ ಬೇಡಿಕೆಯಲ್ಲ. ಸಮುದ್ರದ ದಿಕ್ಕೊಂದನ್ನು ಬಿಟ್ಟು ಯಾವ ಕಡೆಗೆ ಎರಡು ತಾಸು ಕಾರು ಓಡಿಸಿದರೂ ಒಂದು ಬುಗ್ಗೆ ಸಿಗುತ್ತದೆ. ನಾನು ಲ್ಯಾಪ್‌ಟಾಪ್ ತೆರೆದೆ. ಅಮ್ಮ ಪಕ್ಕದಲ್ಲಿ ಬೀನ್ಸಿನ ನಾರು ತೆಗೆಯುತ್ತ ಕೂತು ಷರತ್ತು ಶುರುಮಾಡಿದಳು. ಊಟದಲ್ಲಿ ಮೀನಿನ ಸೋಂಕು ಇರಕೂಡದು. ಹತ್ತು ಜನರೆದುರು ತಾನು ಸೀರೆ ಬಿಚ್ಚುವುದಿಲ್ಲ. ದುಡ್ಡು ಜಾಸ್ತಿಯಾಗಬಾರದು. ಈ ಕೊನೆಯದನ್ನು ಮಾತ್ರ ಅಳಿಯನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

ತಂಗಲು ಅನುಕೂಲವಿರುವ, ಒನ್ಸೆನ್ ಎಂಬ ಬುಗ್ಗೆಗಳ ಊರುಗಳೇ ಜಪಾನಿನಲ್ಲಿ ಮೂರು ಸಾವಿರದ ಹತ್ತಿರ ಇವೆ. ಹಾಗೆಂದು ಎಲ್ಲವೂ ಕುದಿಯುತ್ತಿರುತ್ತವೆ ಅಂದುಕೊಳ್ಳಬೇಡಿ. 1948ರ ಒನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೆ ಸಾಕು. ಅಷ್ಟೂ ಇಲ್ಲದಿದ್ದರೆ ಗಂಧಕ, ಕಬ್ಬಿಣ, ಲಿಥಿಯಂ, ರೇಡಾನ್ ಮುಂತಾದ 19 ಬಾಬುಗಳಲ್ಲಿ ಒಂದಾದರೂ ಗೊತ್ತುಪಡಿಸಿದ ಪ್ರಮಾಣದಲ್ಲಿರಬೇಕು. ಇದನ್ನು ಓದಿ ಹೇಳಿದಾಗ ರಾಯಚೂರಿನವನಾದ ನನ್ನ ಗಂಡ ಫೋನಿನಿಂದ ತಲೆ ಎತ್ತಿದ. "25 ಡಿಗ್ರಿಯೇನು? ಹಂಗಾದ್ರ ನಮ್ಮೂರಾಗಿನ ಬೋರ್‌ವೆಲ್ಲೆಲ್ಲಾ ಒನ್ಸೆನ್ನ ಬಿಡು!" ಅವನ ಮಾತಿನಲ್ಲಿ ಸುಳ್ಳಿಲ್ಲ. ರಾಯಚೂರಿನ ಅಂತರ್ಜಲ ಆ ಗೆರೆಯನ್ನು ಬೆವರದೆ ದಾಟುತ್ತದೆ. ಅಲ್ಲೊಂದು ಹೆಂಚಿನ ಸೂರು, ಎರಡು ಬಿದಿರು, ಒಂದು ಕಾಗದದ ಲಾಂದ್ರ ಇಲ್ಲ, ಅಷ್ಟೇ.

ಹಾಗಾಗಿ ಊರು ಆರಿಸುವುದಕ್ಕಿಂತ ನೀರು ಆರಿಸುವುದು ದೊಡ್ಡದು. ಬುಗ್ಗೆಯ ನೀರು ಕೊಳಕ್ಕೆ ಬಿದ್ದು, ಅಂಚು ಮೀರಿ ಹರಿದು ಹೋಗುತ್ತಿದ್ದರೆ ಅದಕ್ಕೆ ಗೆನ್ಸೆನ್ ಕಾಕೆನಾಗಾಶಿ ಎನ್ನುತ್ತಾರೆ. ಬಲ್ಲವರು ಮೊದಲು ಹುಡುಕುವುದು ಈ ಪದವನ್ನೇ. ಅದಿಲ್ಲವೆಂದರೆ ನೀರನ್ನು ಸೋಸಿ, ಕಾಯಿಸಿ, ಕ್ಲೋರಿನ್ ಹಾಕಿ ಮತ್ತೆ ಅದೇ ಕೊಳಕ್ಕೆ ಬಿಡುತ್ತಿದ್ದಾರೆ ಎಂದರ್ಥ. 2004ರಲ್ಲಿ ನಗಾನೊ ಪ್ರಾಂತ್ಯದ ಒಂದು ಊರಿನಲ್ಲಿ ದೊಡ್ಡ ರಾದ್ಧಾಂತವಾಯಿತು. ಹಾಲಿನಂಥ ಬಿಳಿಯ ನೀರಿಗೆ ಹೆಸರಾದ ಊರು ಅದು. ನೀರಿನ ಬಣ್ಣ ಮಾಸಿದಾಗ ಸ್ನಾನದ ಪುಡಿ ಕದಡಿ ಬೆಳ್ಳಗೆ ಮಾಡುತ್ತಿದ್ದದ್ದು ಬಯಲಾಯಿತು. ಮರುವರ್ಷವೇ ನಿಯಮ ಬಿಗಿಯಾಯಿತು. ನೀರು ಬೆರೆಸಿದ್ದೀರಾ, ಕಾಯಿಸಿದ್ದೀರಾ, ತಿರುಗಿಸಿ ಬಿಡುತ್ತಿದ್ದೀರಾ, ಏನಾದರೂ ಹಾಕಿದ್ದೀರಾ ಎಂಬುದನ್ನೆಲ್ಲ ಈಗ ಬರೆದು ತೂಗುಹಾಕಲೇಬೇಕು. ಅಮ್ಮ ಬೀನ್ಸ್ ಕೆಳಗಿಟ್ಟು ಹೇಳಿದಳು: "ಹಾಲಿಗೆ ನೀರು ಹಾಕೋರನ್ನ ಕಂಡಿದ್ದೆ. ನೀರನ್ನೇ ಹಾಲು ಮಾಡೋರನ್ನ ಕಂಡಿರ್ಲಿಲ್ಲ ಮಾರಾಯ್ತಿ."

ನೀರಿನ ಮಾತು ಹೀಗೆ ಮುಗಿಯಿತು. ಊಟದ ಮಾತು ಮುಗಿಯಲಿಲ್ಲ.

ಹಳ್ಳಿಗಾಡಿನ ರ್ಯೋಕಾನ್ ಎಂದರೆ ಕೋಣೆಗೆ ಬಾಡಿಗೆ ಕೊಟ್ಟು ಮಲಗೆದ್ದು ಬರುವ ಲಾಡ್ಜಲ್ಲ. ಲೆಕ್ಕವೆಲ್ಲ ತಲೆಗಿಷ್ಟು: ಒಂದು ರಾತ್ರಿ, ಎರಡು ಊಟ. ಸಂಜೆ ಆರಕ್ಕೋ ಆರೂವರೆಗೋ ಎಲೆ ಹಾಕಿದ ಹಾಗೆ ಊಟ ಬರುತ್ತದೆ, ಪುಟ್ಟ ಪುಟ್ಟ ಬಟ್ಟಲಲ್ಲಿ ಹತ್ತು ಹನ್ನೆರಡು ಬಗೆ. ಆ ಹತ್ತೂ ಬಗೆಯ ತಳದಲ್ಲಿ ದಾಶಿ ಎಂಬ ಸಾರಿರುತ್ತದೆ. ಒಣಗಿಸಿ ಹೆರೆದ ಬೊನಿತೊ ಮೀನಿನದು. ಪಾಲಕ್ ಬೇಯುವುದು ಅದರಲ್ಲೇ, ತೋಫು ತೇಲುವುದೂ ಅದರಲ್ಲೇ. ಸಸ್ಯಾಹಾರ ಸಾಧ್ಯವೇ ಎಂದು ಐದಾರು ಕಡೆ ಬರೆದು ಕೇಳಿದೆ. ಒಬ್ಬರು ಅತ್ಯಂತ ವಿನಯದಿಂದ ಉತ್ತರಿಸಿದರು: ಆಗಬಹುದು, ಮೀನಷ್ಟೇ ಹಾಕುತ್ತೇವೆ. ಇನ್ನೊಬ್ಬರು ಇನ್ನೂ ವಿನಯದಿಂದ ಆಗುವುದಿಲ್ಲವೆಂದು ಕ್ಷಮೆ ಕೇಳಿದರು. ನನಗೆ ಈ ಎರಡನೆಯವರ ಮೇಲೇ ಗೌರವ ಹೆಚ್ಚು. ಒಲೆಯ ಮುಂದಿರುವ ಇಬ್ಬರು ಮೂವತ್ತು ಜನರಿಗೆ ಒಂದೇ ಅಡುಗೆ ಮಾಡುವಾಗ ಒಬ್ಬಳಿಗೋಸ್ಕರ ಬೇರೆ ಸಾರು ಇಡಿ ಅನ್ನುವುದು, ಮದುವೆಮನೆಯ ಅಡುಗೆಭಟ್ಟರ ಹತ್ತಿರ ನನಗೊಂದು ಪಿಜ್ಜಾ ಅಂದ ಹಾಗೆ.

ಇನ್ನು ಬಟ್ಟೆಯ ವಿಷಯ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ ಎಂದು ಹೇಳಿದರೂ ಅಮ್ಮನಿಗೆ ಸಮಾಧಾನವಿಲ್ಲ. "ಹೆಂಗಸರಾದ್ರೆ ಮನುಷ್ಯರಲ್ವನೇ?" ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ತುಂಗೆಯಲ್ಲಿ ಸಾವಿರ ಜನರ ನಡುವೆ ಮುಳುಗಿ ಎದ್ದವಳೇ ಅವಳು, ಆದರೆ ಸೀರೆ ಉಟ್ಟು. ಇಲ್ಲಿ ನೀರಿಗೆ ಬಟ್ಟೆ ತಾಗಿಸುವಂತಿಲ್ಲ. ಹೊರಗೆ ಸಣ್ಣ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಕೂದಲ ತುದಿಯಿಂದ ಕಾಲ್ಬೆರಳ ಸಂದಿಯವರೆಗೆ ತಿಕ್ಕಿ ತೊಳೆದ ಮೇಲೆ ಕೊಳಕ್ಕೆ ಕಾಲಿಡಬೇಕು. ಕೈಯಲ್ಲಿರುವ ಚಿಕ್ಕ ಟವೆಲನ್ನೂ ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅಮ್ಮನಿಗೆ ಒದ್ದೆಬಟ್ಟೆಯೇ ಮಡಿ; ಇವರ ಮಡಿಗೆ ಬಟ್ಟೆಯೇ ಮೈಲಿಗೆ. ಎರಡೂ ಕಡೆಯವರು ಕಾಪಾಡುತ್ತಿರುವುದು ಮಾತ್ರ ಅದೇ ನೀರನ್ನು. ಇದನ್ನು ಅಮ್ಮನಿಗೆ ವಿವರಿಸಿದೆ. "ಸರಿ ಹಾಗಾದ್ರೆ, ಅವ್ರ ಮಡಿ ಅವ್ರಿಗೆ" ಅಂದಳು.

ಕೋಣೆಯಲ್ಲೇ ಸ್ವಂತ ಬುಗ್ಗೆಯ ತೊಟ್ಟಿ ಇರುವ ಜಾಗಗಳಿವೆ. ಬಾಡಿಗೆ ನೋಡಿ ಅಮ್ಮ ರೂಪಾಯಿಗೆ ತಿರುಗಿಸಿದಳು. ತಿರುಗಿಸಿದ ಮೇಲೆ ಮಾತಾಡಲಿಲ್ಲ.

ಗಂಡನಿಗೆ ಕುರೊಕಾವಾ ಆಸೆಯಿತ್ತು. ಕುಮಾಮೊತೊ ಪ್ರಾಂತ್ಯದ ಕಣಿವೆಯ ಊರು. ಹಿಂದೆ ಯಾರೂ ಕೇಳದಿದ್ದ ಆ ಊರಿನಲ್ಲಿ ಗೊಟೊ ತೆತ್ಸುಯಾ ಎಂಬಾತ ಉಳಿ ಸುತ್ತಿಗೆ ಹಿಡಿದು ವರ್ಷಗಟ್ಟಲೆ ಬಂಡೆ ಕೊರೆದು ತನ್ನ ವಸತಿಗೃಹಕ್ಕೊಂದು ಗುಹೆಯ ಕೊಳ ಮಾಡಿದ. ಸುತ್ತ ಕಾಡಿನ ಮರಗಳನ್ನೇ ತಂದು ನೆಟ್ಟ. ಉಳಿದವರು ಅವನಿಂದ ಕಲಿತರು. 1986ರಲ್ಲಿ ಊರವರು ಸೇರಿ ಮರದ ಬಿಲ್ಲೆಯೊಂದನ್ನು ಹೊರತಂದರು. ಅದನ್ನು ಕೊಂಡು ಕೊರಳಿಗೆ ಹಾಕಿಕೊಂಡರೆ ಊರಿನ ಯಾವುದೇ ಮೂರು ವಸತಿಗೃಹಗಳ ಬಯಲು ಕೊಳಕ್ಕೆ ಇಳಿಯಬಹುದು. ಬಯಲು ಕೊಳ ಕಟ್ಟಲು ಜಾಗವೇ ಇಲ್ಲದಿದ್ದ ಎರಡು ಮನೆಗಳವರೂ ಉಳಿದುಕೊಳ್ಳಲಿ ಎಂದು ಹೊಳೆದ ಉಪಾಯವಂತೆ. ನನ್ನ ಪ್ರಕಾರ ಜಪಾನಿನ ಪ್ರವಾಸೋದ್ಯಮ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಒಂದು. ಆದರೆ ಎಲ್ಲರಿಗೂ ಹಾಗೇ ಅನ್ನಿಸಿ ವಾರಾಂತ್ಯಕ್ಕೆ ಒಂದು ಕೋಣೆಯೂ ಖಾಲಿ ಇರಲಿಲ್ಲ.

ದಾರಿ ತೋರಿಸಿದ್ದು ಆಫೀಸಿನ ಹಿರಿಯ ಸಹೋದ್ಯೋಗಿ. ಅವರಜ್ಜಿ ಗದ್ದೆ ಕೊಯ್ಲು ಮುಗಿದ ಮೇಲೆ ಬುಗ್ಗೆಗೆ ಹೋಗುವಾಗ ಅಕ್ಕಿ, ಮಿಸೊ, ಮೂಲಂಗಿ ಹೊತ್ತುಕೊಂಡೇ ಹೋಗುತ್ತಿದ್ದರಂತೆ. ಅದಕ್ಕೆ ತೋಜಿ ಎಂದು ಹೆಸರು. ವಾರಗಟ್ಟಲೆ ಇದ್ದು, ದಿನಕ್ಕೆ ಹಲವು ಸಲ ನೀರಿಗಿಳಿದು, ಸೊಂಟ ಮಂಡಿ ಸರಿಮಾಡಿಕೊಂಡು, ತಮ್ಮ ಗಂಜಿ ತಾವೇ ಕಾಯಿಸಿಕೊಂಡು ಬರುವುದು. ಹತ್ತು ಬಟ್ಟಲಿನ ಊಟ ಆ ರೈತರಿಗೆಲ್ಲಿತ್ತು? ಆ ಕಾಲದ ಪಳೆಯುಳಿಕೆಯ ಹಾಗೆ ಅಡುಗೆ ನಾವೇ ಮಾಡಿಕೊಳ್ಳುವ ಕೋಣೆಗಳು ಇವತ್ತಿಗೂ ಅಲ್ಲಲ್ಲಿ ಉಳಿದಿವೆ. ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಅಮ್ಮನಿಗಾಗಿ ಒಂದು ರಿಯಾಯಿತಿ. ಅಮ್ಮ ಕೇಳುತ್ತಿದ್ದದ್ದು ಆ ಅಜ್ಜಿಯ ಪದ್ಧತಿಯನ್ನೇ.

ಹೀಗೆ ಗೊತ್ತಾದದ್ದು ಕುರೊಕಾವಾದ ಪಕ್ಕದ ಒಗುನಿ, ಅಲ್ಲಿನ ವೈತಾ ಬೆಟ್ಟದ ಬುಡದ ಹಳ್ಳಿಗಳು.

ಹೊರಟ ದಿನ ಅಮ್ಮ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಹಿತಾದಲ್ಲಿ ಹೆದ್ದಾರಿ ಬಿಟ್ಟು ಸೀಡರ್ ಕಾಡಿನ ತಿರುವುಗಳು ಶುರುವಾದಾಗ ಹಿಟ್ಟು ಉಬ್ಬತೊಡಗಿತ್ತು. "ನಿಧಾನ ಹೇಳೇ ಅವರಿಗೆ" ಎಂದು ನನ್ನ ಮೂಲಕ ಅಳಿಯನಿಗೆ ಅಪ್ಪಣೆ. ಕೊನೆಯ ಏರು ಹತ್ತಿದಾಗ ಊರೇ ಒಲೆ ಹಚ್ಚಿಟ್ಟ ಹಾಗೆ ಕಂಡಿತು. ಗದ್ದೆಯ ಬದಿಯಿಂದ, ಮನೆಯ ಹಿಂದಿನಿಂದ, ರಸ್ತೆಯ ಚರಂಡಿಯಿಂದಲೂ ಬಿಳಿ ಹಬೆ. ಅಮ್ಮ ಕಿಟಕಿ ಇಳಿಸಿ ನೋಡಿದಳು. "ಎಷ್ಟು ಸೌದೆ ಉಳೀತು ಇವ್ರಿಗೆ!"

ಆ ಕಡೆ ಕಜೋಕುಯು ಎಂಬ ಕುಟುಂಬ ಸ್ನಾನದ ಕೋಣೆಗಳಿವೆ. ಬಾಗಿಲು ಹಾಕಿ ಯಂತ್ರಕ್ಕೆ ನಾಣ್ಯ ಹಾಕಿದರೆ ದಪ್ಪ ಕೊಳವೆಯಿಂದ ಹೊಸ ನೀರು ಧುಮುಕಿ ತೊಟ್ಟಿ ತುಂಬುತ್ತದೆ. ಮುಂದಿನವರಿಗೆ ಮತ್ತೆ ಹೊಸದು. ಚಿಲ್ಲರೆಗೆಂದು ಸಾವಿರ ಯೆನ್ ನೋಟು ತೆಗೆದೆ. 2024ರ ಜುಲೈಯಲ್ಲಿ ಬಂದ ಹೊಸ ನೋಟು. ಅದರ ಮೇಲಿರುವ ಕಿತಾಸಾತೊ ಶಿಬಾಸಾಬುರೊ ಇದೇ ಒಗುನಿಯ ಮಗ, 1853ರಲ್ಲಿ ಹುಟ್ಟಿದವರು. 1894ರಲ್ಲಿ ಹಾಂಗ್‌ಕಾಂಗಿಗೆ ಹೋಗಿ ಪ್ಲೇಗಿನ ರೋಗಾಣು ಕಂಡುಹಿಡಿದವರಲ್ಲಿ ಒಬ್ಬರು. ನಾಲ್ಕು ವರ್ಷಕ್ಕೆ ಅದೇ ಪ್ಲೇಗು ಬೆಂಗಳೂರಿಗೆ ಬಂತು. ನಾವು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದೆವು, ಮಲ್ಲೇಶ್ವರ ಬಸವನಗುಡಿಗಳನ್ನೂ ಕಟ್ಟಿಕೊಂಡೆವು. ಅವರ ಮುಖವನ್ನು ಕೊಟ್ಟು ಹತ್ತು ನಾಣ್ಯ ತೆಗೆದುಕೊಳ್ಳುವಾಗ ಸ್ವಲ್ಪ ಮುಜುಗರವೇ ಆಯಿತು.

ಅಮ್ಮ ಒಬ್ಬಳೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅರ್ಧ ತಾಸಾದರೂ ಸದ್ದಿಲ್ಲ. ತಲೆಸುತ್ತು ಬಂತೇನೋ ಎಂದು ಬಾಗಿಲು ಬಡಿದೆ. "ಇರೇ, ಇದು ಹಂಡೆಯಲ್ಲ, ಖಾಲಿ ಆಗಲ್ಲ" ಎಂದು ಒಳಗಿನಿಂದ ಉತ್ತರ ಬಂತು.

ಮರುದಿನ ಬೆಳಿಗ್ಗೆ ಹಬೆಯ ಒಲೆ. ಸಿಮೆಂಟಿನ ಕಟ್ಟೆ, ಅದರಲ್ಲಿ ಚೌಕದ ಬಾಯಿ, ಮೇಲೆ ಮರದ ಮುಚ್ಚಳ. ನೆಲದೊಳಗಿನ ಹಬೆ ಹಗಲೂ ರಾತ್ರಿ ತಾನೇ ಬರುತ್ತಿರುತ್ತದೆ. ಪಕ್ಕದ ಕೋಣೆಯ ಗಂಡಹೆಂಡತಿ ಮೊಟ್ಟೆ, ಗೆಣಸು, ಎಲೆಕೋಸು ಇಟ್ಟಿದ್ದರು. ಅವರದು ಹೊರಬಂದ ಮೇಲೆ ಅಮ್ಮ ಇಡ್ಲಿ ಸ್ಟ್ಯಾಂಡನ್ನು ಇಳಿಬಿಟ್ಟು, ಗಡಿಯಾರ ನೋಡದೆ, ಮೂಗಿನಲ್ಲೇ ಹೊತ್ತು ಅಳೆಯುತ್ತ ನಿಂತಳು. ಮುಚ್ಚಳ ತೆಗೆದಾಗ ಇಡ್ಲಿ ಮಲ್ಲಿಗೆಯ ಹಾಗೆ ಅರಳಿತ್ತು. ಪಕ್ಕದವರು ಚಪ್ಪಾಳೆ ತಟ್ಟಿದರು.

ಅಮ್ಮ ಒಂದು ಚೂರು ಮುರಿದು ಬಾಯಿಯ ಹತ್ತಿರ ತಂದವಳು ಅಲ್ಲಿಗೇ ನಿಲ್ಲಿಸಿದಳು. ನನಗೂ ವಾಸನೆ ಬಂತು. ಗಂಧಕ. ಐದಾರು ಪತ್ರ ಬರೆದು, ದಾಶಿಯನ್ನು ತಪ್ಪಿಸಿ, ಹಿಟ್ಟನ್ನು ತೊಡೆಯ ಮೇಲೆ ಹೊತ್ತು ತಂದು ಬೇಯಿಸಿದ ಇಡ್ಲಿ ತೆಳ್ಳಗೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಗಂಡ ಬೆಟ್ಟದ ಕಡೆ ತಿರುಗಿ ನಿಂತ. ಅವನ ಹೆಗಲು ಕುಲುಕುತ್ತಿತ್ತು.

ಅಮ್ಮ ಇನ್ನೊಮ್ಮೆ ಮೂಸಿದಳು. ಕಣ್ಣು ಮುಚ್ಚಿ ಏನನ್ನೋ ನೆನಪಿಸಿಕೊಂಡಳು.

"ಮೊಟ್ಟೆ ಅಲ್ವೇ ಇದು, ಕಾಲಾ ನಮಕ್ಕು. ಪಾನಿಪೂರಿಗೆ ಹಾಕ್ತಾರಲ್ಲ" ಎಂದು ಬಾಯಿಗಿಟ್ಟುಕೊಂಡು ಚಟ್ನಿಪುಡಿಯ ಡಬ್ಬಿಗೆ ಕೈ ಚಾಚಿದಳು.