ಹೆಸರು ನಮ್ಮದು, ದುಡ್ಡು ಅವರದು

ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದವನು ನನ್ನ ಅಣ್ಣ. ಕಟ್ಟುವಾಗ ದೇವರಕೋಣೆಯ ಒಳಗೆಲ್ಲ ಅವನದೇ ಹೆಜ್ಜೆ. ಗೃಹಪ್ರವೇಶ ಆದ ಮೇಲೆ ಅವನು ಜಗುಲಿಯಿಂದ ಆಚೆ.

ಹದಿನೆಂಟು ವರ್ಷ ಗಾರೆ ಕೆಲಸ ಮಾಡಿ ಗುತ್ತಿಗೆದಾರನ ಲೈಸೆನ್ಸು ತಗೊಂಡ. ಕರ್ನಾಟಕ ಸರ್ಕಾರದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 17.15, ಪಂಗಡಕ್ಕೆ 6.95 ಮೀಸಲು. 50 ಲಕ್ಷದವರೆಗಿದ್ದ ಆ ಮಿತಿ 2023ರಲ್ಲಿ 1 ಕೋಟಿಗೆ ಏರಿತು. ನಾವು ಕುಣಿದಾಡಿದೆವು. ಆದರೆ ಟೆಂಡರು ಹಾಕಲು ಮೊದಲು ಠೇವಣಿ ಕಟ್ಟಬೇಕು. ಮಿಕ್ಸರು, ಸೆಂಟ್ರಿಂಗ್ ಶೀಟು, ಸಿಮೆಂಟು ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಬಿಲ್ಲು ಆಗುವುದು ಆಮೇಲೆ, ಯಾವಾಗಲೋ.

2024ರಲ್ಲಿ ಅಣ್ಣನನ್ನು ಕರಕೊಂಡು ಬ್ಯಾಂಕಿಗೆ ಹೋದೆ. 2016ರ ಏಪ್ರಿಲಲ್ಲಿ ಶುರುವಾದ ಸ್ಟ್ಯಾಂಡ್ ಅಪ್ ಇಂಡಿಯಾ ಆಗಿನ್ನೂ ಇತ್ತು. 10 ಲಕ್ಷದಿಂದ 1 ಕೋಟಿವರೆಗೆ ಸಾಲ. ಪ್ರತಿ ಶಾಖೆಯೂ ಒಬ್ಬ ಪರಿಶಿಷ್ಟನಿಗಾದರೂ, ಒಬ್ಬ ಹೆಣ್ಣುಮಗಳಿಗಾದರೂ ಕೊಡಬೇಕು ಅಂತ ಗುರಿ. ಅರ್ಜಿ ತುಂಬಿದವನು ನಾನೇ. ಮನೆಗೆ ಮೊದಲ ಬಿ.ಎ. ಅಲ್ಲವೆ!

ಮ್ಯಾನೇಜರು ಕೇಳಿದರು: 'ಜಮೀನು ಪಹಣಿ ಐತೇನಪ್ಪ?'

'ಇಲ್ಲ ಸಾ. ಜನತಾ ಮನೆ ಒಂದೈತೆ' ಅಂದ ಅಣ್ಣ.

'ಸರ್ಕಾರದ್ದೇ ಗ್ಯಾರಂಟಿ ಫಂಡು ಇದೆಯಲ್ಲ ಸಾರ್?' ಅಂದೆ ನಾನು.

'ಸರ್ಕಾರ ಬಂದು ತಿಂಗಳು ತಿಂಗಳು ಕಂತು ಕಟ್ತದಾ?'

ಆಮೇಲೆ ಯೋಜನೆಯ ನಿಯಮ ಓದಿದೆ. ಅಡಮಾನ ಇಲ್ಲವೇ ಗ್ಯಾರಂಟಿ ಫಂಡು, ಯಾವುದೆಂಬುದನ್ನು ಬ್ಯಾಂಕೇ ತೀರ್ಮಾನಿಸಲಿ ಅಂತಿತ್ತು. ಸರ್ಕಾರ ನಮಗೆ ಜಾಮೀನು ನಿಂತಿತ್ತು, ನಿಜ. ಆ ಜಾಮೀನು ಒಪ್ಪುವ ಅಧಿಕಾರವನ್ನು ಮೇಜಿನ ಆಚೆ ಕಡೆಗೆ ಕೊಟ್ಟಿತ್ತು.

ಅದೇ ವಾರ ಒಂದು ರಾತ್ರಿ ದೊಡ್ಡಮನೆಯವರು ನಮ್ಮ ಕೇರಿಗೆ ಬಂದರು. ಹುಟ್ಟಿದಾಗಿನಿಂದ ನಾನು ಅವರನ್ನು ಅಲ್ಲಿ ಕಂಡವನಲ್ಲ.

'ಲೈಸೆನ್ಸು ನಿಂದಿರಲಿ ಕಣ್ಲಾ, ದುಡ್ಡು ನಾನು ಹಾಕ್ತೀನಿ. ನೂರಕ್ಕೆ ಎರಡು ನಿಂಗೆ.'

'ಬ್ಯಾಡ ಕಣಣ್ಣ' ಅಂದೆ, ಅವರು ಹೋದ ಮೇಲೆ.

'ಲೈಸೆನ್ಸು ಗ್ವಾಡೆಗೆ ನೇತಾಕಿದ್ರೆ ಅನ್ನ ಬೇಯ್ತದೇನ್ಲಾ?'

ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಗೆಳೆಯರೇ, ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗುವ ನಾನೇ ಆ ಟೆಂಡರು ಕಾಗದಗಳನ್ನೂ ತುಂಬಿದೆ.

ಆ ಕೆಲಸ ಯಾವುದು ಗೊತ್ತೆ? ನಮ್ಮ ಕೇರಿಯ ಅಂಬೇಡ್ಕರ್ ಭವನ. ಫಲಕದ ಮೇಲೆ 'ಗುತ್ತಿಗೆದಾರರು' ಅಂತ ಅಣ್ಣನ ಹೆಸರು ಬರೆಸಿದರು. ಅದೇ ಹೊತ್ತಿಗೆ ಅಣ್ಣ ಸಾರುವೆ ಮೇಲೆ ನಿಂತು ದಿನಗೂಲಿಗೆ ಗಾರೆ ಬಳಿಯುತ್ತಿದ್ದ. ಅವ್ವ ಮಾತ್ರ ಸೆರಗಿನಲ್ಲಿ ಫಲಕದ ಧೂಳು ಒರೆಸಿ, ಓದು ಬಾರದಿದ್ದರೂ, 'ಇದೇ ಅಲ್ವೇನಪ್ಪ ಅವನ ಹೆಸರು?' ಅಂತ ಕೇಳಿದಳು. ಹೂಂ ಅಂದೆ.

ಮೀಸಲಾತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಹೋರಾಡಿ ಪಡೆದದ್ದು. ಆದರೆ ಬಂಡವಾಳವಿಲ್ಲದ ಮೀಸಲಾತಿ ನಮ್ಮ ಜಾತಿ ಪತ್ರವನ್ನೇ ಬಾಡಿಗೆಗೆ ಇಡಿಸುತ್ತದೆ. ಟೆಂಡರಿಗಾಗಿ ಹೋರಾಡಿದ ಹಾಗೆಯೇ ಸಾಲಕ್ಕಾಗಿಯೂ ಹೋರಾಡಬೇಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ. ಸಾಲ ಇಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ನಾವು ಅವತ್ತು ಇಬ್ಬರೇ ಹೋಗಿದ್ದೆವು.